ಜಗದೀಶಚಂದ್ರ ಬೋಸರ ಎಚ್-ಇಂಡೆಕ್ಸ್ ಎಷ್ಟು? ಗಿಡ, ನರ ಎರಡರ ಬಗ್ಗೆಯೂ ಬರೆದವರನ್ನು ಸೈಟೇಶನ್‌ನಲ್ಲಿ ಅಳೆಯೋದು ಹೇಗೆ?

ಹರಿಹರದ ಹರಿ
ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ನವೆಂಬರ್ 30 ಜಗದೀಶಚಂದ್ರ ಬೋಸ್ ಹುಟ್ಟಿದ ದಿನ. ಸೈನ್ಸ್ ಕ್ಲಬ್‌ನಲ್ಲಿ ಮಾತಾಡೋಕೆ ನನ್ನನ್ನೇ ಹಿಡಿದು ಹಾಕಿದ್ದಾರೆ. ರೇಡಿಯೋ ತರಂಗದ ಭಾಗ ಹೇಗೋ ನಿಭಾಯಿಸುತ್ತೇನೆ. ಗಿಡಗಳ ಭಾಗದಲ್ಲಿ ಸಿಕ್ಕಿಬಿದ್ದಿದ್ದೇನೆ.

ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ಬಾಟನಿಯವರೊಬ್ಬರು "ಗಿಡಕ್ಕೆ ನರ ಇದೆ ಅಂದಿದ್ದು ಬರೀ ಕವಿತ್ವ, ಇವತ್ತು ಅವರನ್ನ ಯಾರು ಸೈಟ್ ಮಾಡ್ತಾರೆ" ಎಂದು ಅಲ್ಲೇ ಮೊಬೈಲಿನಲ್ಲಿ, ಒಂದು ಪೇಪರನ್ನು ಬೇರೆ ಪೇಪರುಗಳು ಎಷ್ಟು ಸಲ ಉಲ್ಲೇಖಿಸಿವೆ (ಅದೇ ಸೈಟೇಶನ್) ಅಂತ ಎಣಿಸಿ ಕೊಡುವ ಗೂಗಲ್ ಸ್ಕಾಲರ್ ತೆರೆದರು. ನಾನೂ ಬಿಡಲಿಲ್ಲ, ಇನ್ನೊಂದು ಡೇಟಾಬೇಸ್ ತೆರೆದೆ. ಒಂದು ಕಡೆ ಇರುವ ಪೇಪರ್ ಇನ್ನೊಂದು ಕಡೆ ಇಲ್ಲ. ಅವರ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ತಾಳೆಯೇ ಆಗಲಿಲ್ಲ. ಟೀ ಆರಿಹೋಯಿತು, ಜಗಳ ಮುಗಿಯಲಿಲ್ಲ.

ಗೊತ್ತಿರುವವರು ಹೇಳಿ. ಸಸ್ಯವಿಜ್ಞಾನದಲ್ಲಿ, ನರವಿಜ್ಞಾನದಲ್ಲಿ ಬೋಸರ ಕೆಲಸಕ್ಕೆ ಇವತ್ತು ನಿಜವಾಗಿ ಎಷ್ಟು ಬೆಲೆ? ಅದನ್ನು ಸೈಟೇಶನ್ ನೋಡಿ ಹೇಳಬಹುದಾ?

ತರಲೆ ತಿಮ್ಮ
ಬೋಸ್ ಅಂದ್ರೆ ಬೋಸಾನ್ ಅನ್ನೋ ಕಣಕ್ಕೆ ಹೆಸರು ಬಂದದ್ದು ಅವರಿಂದಲೇ ಅಲ್ವಾ? ಆ ಸೈಟೇಶನ್ ಎಲ್ಲ ಸೇರಿಸಿ ಸರ್, ಸಹೋದ್ಯೋಗಿ ಬಾಯಿ ಮುಚ್ಚುತ್ತಾರೆ.

ಹರಿಹರದ ಹರಿ
@ತಿಮ್ಮ ಅವರು ಸತ್ಯೇಂದ್ರನಾಥ ಬೋಸ್ ಮಾರಾಯ್ರೆ. ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಈ ಬೋಸರ ಶಿಷ್ಯರು.

ಲೈಬ್ರರಿ ಲಕ್ಷ್ಮಣ
ತಿಮ್ಮ ತಮಾಷೆಗೆ ಹೇಳಿದರೂ ಡೇಟಾಬೇಸ್‌ಗಳು ಇದೇ ಎಡವಟ್ಟನ್ನು ದಿನಾ ಮಾಡುತ್ತವೆ. ನನ್ನ ಕೆಲಸವೇ ಇದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಹರಿ ಸರ್, ನೀವಿಬ್ಬರೂ ಹುಡುಕಿದ್ದು ಯಾವ ಹೆಸರಿನಲ್ಲಿ? ಅವರು ತಮ್ಮ ಪುಸ್ತಕಗಳ ಮೇಲೆ ಹಾಕಿಕೊಂಡ ಕಾಗುಣಿತವನ್ನು ಓದಿದರೆ "ಜಗದೀಸ್ ಚುಂದರ್ ಬೋಸ್" ಅಂತಾಗುತ್ತದೆ. ಇವತ್ತು ನಾವು ಬರೆಯುವುದು ಬೇರೆ. ಪೇಪರಿನ ಕೊನೆಯ ಪಟ್ಟಿಯಲ್ಲಿ ಒಬ್ಬರು "ಬೋಸ್ ಜೆ ಸಿ" ಅಂತ ಹಾಕಿರುತ್ತಾರೆ, ಇನ್ನೊಬ್ಬರು "ಬೋಸ್ ಜೆ", ಮತ್ತೊಬ್ಬರು ಮುಂದೆ "ಸರ್" ಸೇರಿಸಿರುತ್ತಾರೆ. ಮೆಷಿನ್ ಇದನ್ನೆಲ್ಲ ಬೇರೆ ಬೇರೆ ಜನ ಅಂದುಕೊಳ್ಳುತ್ತದೆ. ಜೊತೆಗೆ ಅದೇ ಇನಿಷಿಯಲ್‌ನ ಬೇರೆ ಬೋಸ್‌ಗಳೂ ಬಂದು ಸೇರಿಕೊಳ್ಳುತ್ತಾರೆ.

ಇನ್ನೊಂದು ವಿಷಯ. ಗಿಡಗಳ ಬಗ್ಗೆ ಅವರು ಜಾಸ್ತಿ ಬರೆದದ್ದು ದಪ್ಪ ದಪ್ಪ ಪುಸ್ತಕಗಳಲ್ಲಿ. 1902, 1906, 1907, 1926 ಹೀಗೆ ಒಂದರ ಹಿಂದೆ ಒಂದು. 1917ರಲ್ಲಿ ಬೋಸ್ ಇನ್‌ಸ್ಟಿಟ್ಯೂಟ್ ಕಟ್ಟಿದ ಮೇಲೆ ಸಂಸ್ಥೆಯ ಸ್ವಂತ ಪ್ರಕಟಣೆಯಲ್ಲೇ ಬಹಳಷ್ಟು ಬಂತು. ಈಗಿನ ಡೇಟಾಬೇಸ್‌ಗಳು ಜರ್ನಲ್ ಪೇಪರಿಗಾಗಿ ಮಾಡಿದವು. ಹಳೇ ಪುಸ್ತಕ, ಸಂಸ್ಥೆಯ ವರದಿ ಇವನ್ನೆಲ್ಲ ಅರ್ಧಂಬರ್ಧ ಹಿಡಿಯುತ್ತವೆ.

ಇಸವಿ ನೋಡಿ. ಬೋಸ್ ತೀರಿಕೊಂಡದ್ದು 1937ರಲ್ಲಿ. ಯಾರು ಯಾರನ್ನು ಸೈಟ್ ಮಾಡಿದರು ಅಂತ ಪಟ್ಟಿ ಮಾಡುವ ಸೈಟೇಶನ್ ಇಂಡೆಕ್ಸನ್ನು ಯೂಜೀನ್ ಗಾರ್ಫೀಲ್ಡ್ ಹೊರತಂದದ್ದು 1964ರಲ್ಲಿ. ಎಚ್-ಇಂಡೆಕ್ಸ್ ಹುಟ್ಟಿದ್ದು 2005ರಲ್ಲಿ. ಅಂದರೆ ಅವರ ಕಾಲದಲ್ಲಿ ಈ ಅಳತೆಗಳೇ ಇರಲಿಲ್ಲ.

ಗೈಡ್ ಸಂತ್ರಸ್ತ
ಎಚ್-ಇಂಡೆಕ್ಸ್ ಅಂದ್ರೇನು ಅಂತ ಯಾರಾದ್ರೂ ಒಂದೇ ಸಾಲಲ್ಲಿ ಹೇಳಿ. ಪಿಎಚ್‌ಡಿ ಮೂರನೇ ವರ್ಷ, ಈಗ ಗೈಡ್ ಹತ್ರ ಕೇಳಿದ್ರೆ ಮರ್ಯಾದೆ ಹೋಗುತ್ತೆ.

ಲೈಬ್ರರಿ ಲಕ್ಷ್ಮಣ
ನಿಮ್ಮ ಪೇಪರ್‌ಗಳನ್ನು ಜಾಸ್ತಿ ಸೈಟ್ ಆದದ್ದರಿಂದ ಕೆಳಗೆ ಜೋಡಿಸಿ. 40, 22, 9, 5, 4, 1 ಅಂತ ಇಟ್ಟುಕೊಳ್ಳಿ. ನಾಲ್ಕನೇ ಪೇಪರಿಗೆ ಕನಿಷ್ಠ ನಾಲ್ಕು ಇದೆ, ಆಯ್ತು. ಐದನೆಯದಕ್ಕೆ ಐದು ಬೇಕಿತ್ತು, ನಾಲ್ಕೇ ಇದೆ. ಅಲ್ಲಿಗೆ ನಿಂತಿತು. ನಿಮ್ಮ ಎಚ್ ನಾಲ್ಕು.

ಗಮನಿಸಿ, ಮೊದಲನೆಯದಕ್ಕೆ 40ರ ಬದಲು 4000 ಬಂದರೂ ಎಚ್ ನಾಲ್ಕೇ. ಲೇಖಕರ ಪಟ್ಟಿಯಲ್ಲಿ ನೀವು ಒಬ್ಬರೇ ಇರಿ, ಐವತ್ತನೆಯವರಾಗಿ ಇರಿ, ಅದಕ್ಕೆ ಲೆಕ್ಕವಿಲ್ಲ. ಸತ್ತ ಮೇಲೂ ಏರುತ್ತದೆ, ಇಳಿಯುವುದು ಅಂತಂತೂ ಇಲ್ಲ.

ತರಲೆ ತಿಮ್ಮ
ಸತ್ತ ಮೇಲೂ ಏರುವುದು ಬಡ್ಡಿ ಒಂದೇ ಅಂದುಕೊಂಡಿದ್ದೆ.

ನರಮಂಡಲ
ಬೆಂಗಳೂರಿನಲ್ಲಿ ನ್ಯೂರೋಸೈನ್ಸ್ ಲ್ಯಾಬಿನಲ್ಲಿದ್ದೇನೆ. ನೇರವಾಗಿ ಹೇಳುತ್ತೇನೆ, ಬೇಜಾರು ಬೇಡ. ನಮ್ಮ ಕಡೆ ಬೋಸರ ಹೆಸರು ಬರುವುದು ತೀರಾ ಅಪರೂಪ. ಕೋರ್ಸಿನಲ್ಲಿ ಇಲ್ಲ, ರಿವ್ಯೂ ಪೇಪರಿನಲ್ಲಿ ಇಲ್ಲ. ನರದ ವಿದ್ಯುತ್ ಸಂಕೇತ ಅಂದರೆ 1952ರ ಹಾಜ್ಕಿನ್-ಹಕ್ಸ್‌ಲಿ. ಅವರು ಕೆಲಸ ಮಾಡಿದ್ದು ಸ್ಕ್ವಿಡ್ ಅನ್ನೋ ಕಡಲಜೀವಿಯ ದಪ್ಪ ನರದ ಮೇಲೆ, ನೊಬೆಲ್ ಬಂದದ್ದು 1963ರಲ್ಲಿ.

ಇನ್ನು ಫೀಲ್ಡ್ ಫೀಲ್ಡಿಗೂ ಲೆಕ್ಕ ಬೇರೆ. ಎಚ್-ಇಂಡೆಕ್ಸ್ ಮಾಡಿದ ಜಾರ್ಜ್ ಹಿರ್ಷ್ ಒಬ್ಬ ಭೌತವಿಜ್ಞಾನಿ. ಆ 2005ರ ಪೇಪರಿನಲ್ಲೇ ಭೌತವಿಜ್ಞಾನದಲ್ಲಿ ಎಲ್ಲರಿಗಿಂತ ಮೇಲೆ ಇಟ್ಟದ್ದು ಎಡ್ವರ್ಡ್ ವಿಟನ್ ಅವರನ್ನು, ಎಚ್ 110. ಜೀವವಿಜ್ಞಾನದಲ್ಲಿ ಎಲ್ಲರಿಗಿಂತ ಮೇಲಿದ್ದವರು ಸಾಲೊಮನ್ ಸ್ನೈಡರ್, ಎಚ್ 191. ಸ್ನೈಡರ್ ನಮ್ಮ ಫೀಲ್ಡಿನವರು. ಮೆದುಳಿನಲ್ಲಿ ಅಫೀಮು ಅಂಟಿಕೊಳ್ಳುವ ರಿಸೆಪ್ಟರನ್ನು 1973ರಲ್ಲಿ ತೋರಿಸಿದವರು. ಹಾಗಂತ ಸ್ನೈಡರ್ ವಿಟನ್‌ಗಿಂತ ಅಷ್ಟು ದೊಡ್ಡವರು ಅಂತ ಯಾರೂ ಹೇಳಲ್ಲ. ನಮ್ಮಲ್ಲಿ ಜನ ಜಾಸ್ತಿ, ಪೇಪರ್ ಜಾಸ್ತಿ, ಒಂದೊಂದು ಪೇಪರಿನ ಕೊನೆಯ ಪಟ್ಟಿಯೂ ಉದ್ದ. ಒಬ್ಬರು ನರವಿಜ್ಞಾನಿಯ ಎಚ್ ತಂದು ಸಸ್ಯವಿಜ್ಞಾನಿಯ ಪಕ್ಕ ಇಟ್ಟರೆ ಅದಕ್ಕೆ ಅರ್ಥವೇ ಇಲ್ಲ.

ಪೈಪೆಟ್ ಪಾರ್ವತಿ
@ನರಮಂಡಲ ಎರಡನೇ ಪ್ಯಾರಾಗೆ ನೂರಕ್ಕೆ ನೂರು ಒಪ್ಪಿಗೆ. ಮೊದಲನೆಯದಕ್ಕೆ ಜಗಳ ಇದೆ.

ಸ್ಕ್ವಿಡ್ಡಿಗೆ ಹೋಗುವ ಮೊದಲು ಏನಿತ್ತು ಗೊತ್ತಾ? ಸಿಹಿನೀರಿನಲ್ಲಿ ಬೆಳೆಯುವ ನೈಟೆಲ್ಲ ಅನ್ನೋ ಪಾಚಿ. ಅದರ ಒಂದೊಂದು ಕೋಶ ಬೆರಳುದ್ದ ಇರುತ್ತದೆ. ಕೆನೆತ್ ಕೋಲ್ ಮತ್ತು ಹೋವರ್ಡ್ ಕರ್ಟಿಸ್ ಸಂಕೇತ ಹಾದುಹೋಗುವಾಗ ಕೋಶದ ಪೊರೆಯ ವಿದ್ಯುತ್ ತಡೆ ಹೇಗೆ ಬೀಳುತ್ತದೆ ಅಂತ 1938ರಲ್ಲಿ ತೋರಿಸಿದ್ದು ನೈಟೆಲ್ಲದಲ್ಲಿ. ಸ್ಕ್ವಿಡ್ ನರದಲ್ಲಿ ಅದನ್ನೇ ತೋರಿಸಿದ ಪೇಪರ್ ಬಂದದ್ದು 1939ರಲ್ಲಿ. ನಿಮ್ಮ ಹಾಜ್ಕಿನ್-ಹಕ್ಸ್‌ಲಿ ನಿಂತಿರುವುದು ಆ ಕೆಲಸದ ಮೇಲೆ. ಸ್ಕ್ವಿಡ್ ಪೇಪರನ್ನು ಎಲ್ಲರೂ ಸೈಟ್ ಮಾಡುತ್ತಾರೆ. ನೈಟೆಲ್ಲ ಪೇಪರನ್ನು ನಮ್ಮಂಥವರು ಮಾತ್ರ.

ನರಮಂಡಲ
ನೈಟೆಲ್ಲ ಸರಿ. ಆದರೆ ಅದು ಬೋಸರ ಕೆಲಸ ಅಲ್ವಲ್ಲ ಮೇಡಂ.

ಪೈಪೆಟ್ ಪಾರ್ವತಿ
ಬರ್ತೀನಿ ತಡೀರಿ, ಲ್ಯಾಬಿನಲ್ಲಿ ಜೆಲ್ ಪ್ರಯೋಗ ಓಡ್ತಾ ಇದೆ.

ಶಿರಸಿ ಭಟ್ಟ
ಇಲ್ಲಿ ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕ್ತಿದ್ದೇನೆ. ಬೋಸರು ಪ್ರಯೋಗ ಮಾಡಿದ್ದು ನಾಚಿಕೆ ಮುಳ್ಳಿನ ಮೇಲೆ ಅಂತ ಕೇಳಿದ್ದೆ. ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಆ ಗಿಡದ ಸೈಟೇಶನ್ ಅಂಗಾಲಲ್ಲೇ ಇರುತ್ತದೆ. ಅದರಲ್ಲಿ ಅಂಥದ್ದೇನು ಕಂಡರು ಅವರು?

ಇತಿಹಾಸದ ಹುಳ
ಭಟ್ಟರೇ, ಈ ಸಲ ಮುಟ್ಟಿದಾಗ ಸ್ವಲ್ಪ ನಿಧಾನವಾಗಿ ನೋಡಿ. ತುದಿಯ ಒಂದು ಜೋಡಿ ಎಲೆಗೆ ಮಾತ್ರ ಚುರುಕು ಮುಟ್ಟಿಸಿದರೆ ಅದು ಮೊದಲು ಮಡಚುತ್ತದೆ, ಆಮೇಲೆ ಅದರ ಹಿಂದಿನ ಜೋಡಿ, ಆಮೇಲೆ ಅದರ ಹಿಂದಿನದು. ಹೀಗೆ ಜೋಡಿ ಜೋಡಿಯಾಗಿ ಬುಡದ ಕಡೆ ಬಂದು, ಕೊನೆಗೆ ತೊಟ್ಟಿನ ಬುಡದ ಗಂಟು ಸೋತು ಇಡೀ ಎಲೆ ಕೆಳಗೆ ಬೀಳುತ್ತದೆ. ಮುಟ್ಟದ ಜಾಗಕ್ಕೂ ಸುದ್ದಿ ಹೋಯಿತು. ಆ ಸುದ್ದಿ ಒಯ್ದವರು ಯಾರು ಅನ್ನೋದೇ ಪ್ರಶ್ನೆ.

ಆಗ ಯುರೋಪಿನ ದೊಡ್ಡ ಸಸ್ಯಶಾಸ್ತ್ರಜ್ಞರು ಹೇಳುತ್ತಿದ್ದದ್ದು, ಅದು ಬರೀ ನೀರಿನ ಒತ್ತಡದ ಅಲೆ, ಪೈಪಿನಲ್ಲಿ ನೀರು ದೂಡಿದ ಹಾಗೆ ಅಂತ. ಬೋಸ್ ಹೇಳಿದ್ದು, ಅಲ್ಲ, ಇದು ನರದ ಹಾಗೆ ಒಂದು ಪ್ರಚೋದನೆ, ಜೊತೆಗೆ ವಿದ್ಯುತ್ ಬದಲಾವಣೆ ಇದೆ ಅಂತ. ಹೇಳಿ ಸುಮ್ಮನಾಗಲಿಲ್ಲ. ದಾರಿಯ ಮಧ್ಯದ ತೊಟ್ಟನ್ನು ತಣ್ಣಗೆ ಮಾಡಿದರು, ಸುದ್ದಿ ನಿಧಾನವಾಯಿತು, ಜಾಸ್ತಿ ತಣ್ಣಗಾದರೆ ನಿಂತೇಹೋಯಿತು. ಔಷಧಿ ಹಾಕಿ ಮರಗಟ್ಟಿಸಿದರು, ಆಗಲೂ ನಿಂತಿತು. ಬರೀ ನೀರಿನ ಒತ್ತಡವಾಗಿದ್ದರೆ ಅಷ್ಟಕ್ಕೆಲ್ಲ ನಿಲ್ಲಬಾರದಿತ್ತು.

ಅಳೆಯುವ ಯಂತ್ರಗಳನ್ನೂ ಅವರೇ ಕಲ್ಕತ್ತಾದಲ್ಲಿ ಮಾಡಿಸಿದರು. ಎಲೆ ಬಹಳ ಹಗುರ, ಅದಕ್ಕೆ ಕಡ್ಡಿ ಕಟ್ಟಿ ಮಸಿ ಹಿಡಿಸಿದ ಗಾಜಿನ ಮೇಲೆ ಗೀಚಿಸಿದರೆ ಉಜ್ಜಾಟಕ್ಕೇ ಅದರ ಶಕ್ತಿ ಮುಗಿದುಹೋಗುತ್ತದೆ. ಅದಕ್ಕೆ ಬೋಸ್ ಆ ಕಡ್ಡಿಯನ್ನು ಕಂಪಿಸುವಂತೆ ಮಾಡಿದರು. ಗೆರೆ ಬೀಳುವುದಿಲ್ಲ, ಚುಕ್ಕಿ ಚುಕ್ಕಿಯಾಗಿ ತಾಗುತ್ತದೆ. ಉಜ್ಜಾಟವೂ ತಪ್ಪಿತು, ಕಂಪನದ ವೇಗ ಗೊತ್ತಿರುವುದರಿಂದ ಚುಕ್ಕಿ ಎಣಿಸಿದರೆ ಸೆಕೆಂಡಿನ ನೂರನೇ ಭಾಗದವರೆಗೂ ಸಮಯ ಸಿಕ್ಕಿತು. ನನಗಂತೂ ಅವರ ಸಿದ್ಧಾಂತಕ್ಕಿಂತ ಈ ಚುಕ್ಕಿ ಇಷ್ಟ.

ಹರಿಹರದ ಹರಿ
ಆಹಾ, ಇದು ಬೇಕಾಗಿತ್ತು ನನಗೆ! ರೇಡಿಯೋ ಮಾಡಿದ ಕೈ ಅಲ್ವಾ ಅದು.

ಗೈಡ್ ಸಂತ್ರಸ್ತ
ಹಾಗಿದ್ರೆ ಆಗಲೇ ಎಲ್ಲರೂ ಒಪ್ಪಿಕೊಂಡರಾ?

ಇತಿಹಾಸದ ಹುಳ
ಎಲ್ಲಿಯ ಒಪ್ಪಿಗೆ! 1901ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಬೋಸ್ ತಮ್ಮ ಪೇಪರ್ ಓದಿದರು. ಎದುರಿಗೆ ಕೂತಿದ್ದವರು ಬರ್ಡನ್-ಸ್ಯಾಂಡರ್ಸನ್, ಆ ಕಾಲದ ದೊಡ್ಡ ಶರೀರಶಾಸ್ತ್ರಜ್ಞ. ಡಾರ್ವಿನ್ ಹೇಳಿದರು ಅಂತ 1873ರಲ್ಲಿ ನೊಣ ಹಿಡಿಯುವ ಗಿಡದಲ್ಲಿ ವಿದ್ಯುತ್ ಅಳೆದಿದ್ದವರು ಅವರೇ! ಆದರೆ ಸಾಧಾರಣ ಗಿಡಗಳಲ್ಲೂ ಅಂಥದ್ದು ಇದೆ ಅಂತ ಒಬ್ಬ ಫಿಸಿಕ್ಸ್ ಪ್ರೊಫೆಸರ್ ಬಂದು ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ಪೇಪರ್ ಅಚ್ಚಾಗದೆ ಸೊಸೈಟಿಯ ಕಡತ ಸೇರಿತು. ಮರುವರ್ಷ ಲಿನಿಯನ್ ಸೊಸೈಟಿ ಅಚ್ಚು ಮಾಡಿತು. ಅದೇ ರಾಯಲ್ ಸೊಸೈಟಿ 1920ರಲ್ಲಿ ಫೆಲೋ ಮಾಡಿಕೊಂಡಿತು, ಅದು ಬೇರೆ ಮಾತು.

ತರಲೆ ತಿಮ್ಮ
ಅಚ್ಚಿಗೆ ಮೊದಲು ಪೇಪರ್ ಪರಿಶೀಲಿಸಿ ತಕರಾರು ತೆಗೆಯುವ ರಿವ್ಯೂವರ್ 2 ಅವತ್ತೂ ಇದ್ದ.

ಗೈಡ್ ಸಂತ್ರಸ್ತ
😂😂 ಅವನ ವಂಶ ಬೆಳೆಯುತ್ತಲೇ ಇದೆ. ನನ್ನ ಹೋದ ಪೇಪರಿಗೆ "ಈ ಐದು ಪೇಪರ್ ಸೈಟ್ ಮಾಡಿ" ಅಂತ ಬಂದಿತ್ತು. ಐದರಲ್ಲೂ ಒಬ್ಬರೇ ಲೇಖಕರು. ರಿವ್ಯೂವರ್ ಯಾರು ಅಂತ ಊಹಿಸೋಕೆ ಜಾಣತನ ಬೇಕಾಗಿರಲಿಲ್ಲ. ಗೈಡ್ "ಹಾಕು ಮಾರಾಯ, ತಕರಾರು ಯಾಕೆ" ಅಂದರು. ಹಾಕಿದೆ. ಆ ಐದೂ ಈಗ ಅವರ ಲೆಕ್ಕದಲ್ಲಿ "ಪ್ರಭಾವ".

ಕಾಡುಮಲ್ಲಿಗೆ
ಸಸ್ಯವಿಜ್ಞಾನ ಸಸ್ಯವಿಜ್ಞಾನ ಅಂತಿದ್ದೀರಿ, ಅದರೊಳಗೇ ಎಷ್ಟು ಜಾತಿ ಇದೆ ನೋಡಿ. ನಾನು ಗಿಡ ಗುರುತಿಸುವವಳು, ಟ್ಯಾಕ್ಸಾನಮಿ. ನಮ್ಮ ಗೋಳು ಕೇಳಿ.

ಬಿ. ಜಿ. ಎಲ್. ಸ್ವಾಮಿ ಅವರನ್ನು ಕನ್ನಡಿಗರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಸಾಹಿತಿ ಅಂತ ಎಲ್ಲರಿಗೂ ಗೊತ್ತು. ಅವರು ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿ ಅನ್ನುವವರ ಜೊತೆ ಕೆಲಸ ಮಾಡಿ, ಒಂದು ಗಿಡಕ್ಕೆ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಅಂತ ಅವರ ಹೆಸರನ್ನೇ ಇಟ್ಟರು. ನಮ್ಮ ಪದ್ಧತಿಯಲ್ಲಿ ಗಿಡದ ಹೆಸರಿನ ಹಿಂದೆ ಹೆಸರಿಟ್ಟವರ ಹೆಸರು ಬರುತ್ತದೆ. ಆ ಗಿಡದ ಪೂರ್ತಿ ಹೆಸರು ಬರೆದಾಗಲೆಲ್ಲ "ಸ್ವಾಮಿ" ಅಂತ ಬರೆಯಲೇಬೇಕು. ಆದರೆ ಅವರ ಮೂಲ ಪೇಪರನ್ನು ಕೊನೆಯ ಪಟ್ಟಿಗೆ ಹಾಕುವವರು ಬಹಳ ಕಡಿಮೆ. ಹಾಗಾಗಿ ಎಷ್ಟು ಸಲ ಹೆಸರು ಬಂದರೂ ಸೈಟೇಶನ್ ಸೊನ್ನೆ.

ಇದು ಎಲ್ಲ ಟ್ಯಾಕ್ಸಾನಮಿಸ್ಟರ ಕಥೆ. ಕಾಡು ಸುತ್ತಿ, ಜಿಗಣೆ ಕಚ್ಚಿಸಿಕೊಂಡು, ಒಂದು ಹೊಸ ಗಿಡ ಪ್ರಕಟಿಸಿದರೆ ಪ್ರಮೋಷನ್ ಕಮಿಟಿಯವರು "ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟಮ್ಮಾ?" ಅಂತಾರೆ. ಅಂದರೆ ಆ ಜರ್ನಲ್ಲಿನ ಪೇಪರುಗಳಿಗೆ ಸರಾಸರಿ ಎಷ್ಟು ಸೈಟೇಶನ್ ಅಂತ.

ಇತಿಹಾಸದ ಹುಳ
ಸ್ವಾಮಿಯವರ ಎಚ್-ಇಂಡೆಕ್ಸ್ ಕೇಳಿದ್ದರೆ ಅದರ ಮೇಲೇ ಒಂದು ಪ್ರಬಂಧ ಬರೆದು ನಮ್ಮನ್ನೆಲ್ಲ ಅಳಿಸಿ ನಗಿಸುತ್ತಿದ್ದರು.

ಶಿರಸಿ ಭಟ್ಟ
ನಮ್ಮ ತೋಟಕ್ಕೆ ಟಿಶ್ಯೂ ಕಲ್ಚರ್ ಬಾಳೆ ಸಸಿ ತರಿಸಿದ್ದೆವು. ಲ್ಯಾಬಿನ ಹುಡುಗಿ "ಎಂಎಸ್ ಮೀಡಿಯಾ" ಅಂತ ಏನೋ ತೋರಿಸಿದಳು. ಎಂಎಸ್ ಅಂದರೆ ಯಾರೋ ವಿಜ್ಞಾನಿಗಳ ಹೆಸರಂತೆ?

ಪೈಪೆಟ್ ಪಾರ್ವತಿ
ಹೌದು ಭಟ್ಟರೇ, ಮುರಾಶಿಗೆ ಮತ್ತು ಸ್ಕೂಗ್. 1962ರಲ್ಲಿ ತಂಬಾಕಿನ ಅಂಗಾಂಶ ಚೆನ್ನಾಗಿ ಬೆಳೆಯೋಕೆ ಯಾವ ಲವಣ ಎಷ್ಟು ಬೇಕು ಅಂತ ಹುಡುಕಿ ಬರೆದ ಪೇಪರ್. ಸಸ್ಯವಿಜ್ಞಾನದಲ್ಲಿ ಅತಿ ಹೆಚ್ಚು ಸೈಟ್ ಆದವುಗಳಲ್ಲಿ ಅದೂ ಒಂದು. ಯಾಕಂದ್ರೆ ಲೋಕದ ಮೇಲಿನ ಯಾವ ಟಿಶ್ಯೂ ಕಲ್ಚರ್ ಲ್ಯಾಬ್‌ಗೆ ಹೋದರೂ ಅದೇ ರೆಸಿಪಿ.

ಮೆದುಳಿನ ಕಡೆಯಿಂದಲೂ ಇಂಥದ್ದೇ ಒಂದಿದೆ. ಇಡೀ ವಿಜ್ಞಾನದಲ್ಲೇ ಅತಿ ಹೆಚ್ಚು ಸೈಟ್ ಆದ ಪೇಪರ್ ಆಲಿವರ್ ಲೌರಿಯವರ 1951ರದ್ದು, ಮೂರು ಲಕ್ಷಕ್ಕೂ ಮಿಕ್ಕಿ. ಏನದು? ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ. ಲೌರಿ ಮೆದುಳಿನ ರಸಾಯನಶಾಸ್ತ್ರದಲ್ಲಿ ಸೊಗಸಾದ ಕೆಲಸ ಮಾಡಿದವರು, ಒಂದೊಂದೇ ನರಕೋಶದೊಳಗಿನ ರಾಸಾಯನಿಕ ಅಳೆದವರು. ಅದು ಅಷ್ಟು ಜನಕ್ಕೆ ಗೊತ್ತೇ ಇಲ್ಲ. ಜಾಸ್ತಿ ಸೈಟ್ ಆಯ್ತು ಅಂದ್ರೆ ಜಾಸ್ತಿ ಬಳಕೆ ಆಯ್ತು ಅಂತ. ಅದಕ್ಕಿಂತ ಒಂದಕ್ಷರ ಜಾಸ್ತಿ ಅರ್ಥ ತೆಗೀಬೇಡಿ.

ನರಮಂಡಲ
ಬಳಕೆಯೂ ಅಲ್ಲ ಕೆಲವೊಮ್ಮೆ. ನಮ್ಮ ಫೀಲ್ಡಿನ ನೋವಿನ ಉದಾಹರಣೆ ಹೇಳುತ್ತೇನೆ. ಆಲ್ಝೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್ ಅನ್ನೋ ಪ್ರೋಟೀನಿನ ಒಂದು ನಿರ್ದಿಷ್ಟ ರೂಪವೇ ನೆನಪು ಕೆಡಿಸುತ್ತದೆ ಅಂತ ನೇಚರ್ ಜರ್ನಲ್ಲಿನಲ್ಲಿ 2006ರಲ್ಲಿ ಒಂದು ಪೇಪರ್ ಬಂತು. ಹೆಚ್ಚು ಕಡಿಮೆ ಎರಡೂವರೆ ಸಾವಿರ ಸೈಟೇಶನ್. ಚಿತ್ರಗಳನ್ನು ತಿದ್ದಿದ್ದಾರೆ ಅಂತ ಪ್ರಶ್ನೆ ಎದ್ದು, 2024ರಲ್ಲಿ ವಾಪಸ್ ತೆಗೆದರು. ಆ ಸೈಟೇಶನ್‌ಗಳು ಎಲ್ಲಿ ಹೋದವು? ಎಲ್ಲಿಗೂ ಹೋಗಲಿಲ್ಲ. ಹಾಗೇ ಇವೆ.

ಪೈಪೆಟ್ ಪಾರ್ವತಿ
ಜೆಲ್ ಮುಗೀತು, ಬಂದೆ.

ಬೋಸರ ವಿಷಯ. ಸೈಟೇಶನ್ ಎಣಿಸುವುದು ಬಿಟ್ಟು, ಅವರು ಕೇಳಿದ ಪ್ರಶ್ನೆ ಇವತ್ತು ಎಲ್ಲಿದೆ ಅಂತ ನೋಡೋಣ. ನಿಮ್ಮ ಮೆದುಳಿನಲ್ಲಿ ಒಂದು ನರಕೋಶ ಇನ್ನೊಂದನ್ನು ಎಬ್ಬಿಸೋಕೆ ಬಳಸುವ ಮುಖ್ಯ ರಾಸಾಯನಿಕ ಗ್ಲುಟಮೇಟ್, ಅಲ್ವಾ? ಅದನ್ನು ಹಿಡಿಯುವ ರಿಸೆಪ್ಟರ್‌ನಂಥವೇ ಗಿಡದಲ್ಲೂ ಇವೆ ಅಂತ 1998ರಲ್ಲಿ ಗೊತ್ತಾಯಿತು. ಅರಬಿಡಾಪ್ಸಿಸ್ ಅನ್ನೋ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ. 2013ರಲ್ಲಿ ಸ್ವಿಟ್ಜರ್‌ಲೆಂಡಿನ ಎಡ್ವರ್ಡ್ ಫಾರ್ಮರ್ ಗುಂಪು, ಎಲೆಗೆ ಗಾಯವಾದಾಗ ಓಡುವ ವಿದ್ಯುತ್ ಸಂಕೇತಕ್ಕೆ ಇದೇ ಜೀನ್‌ಗಳು ಬೇಕು ಅಂತ ತೋರಿಸಿತು. 2018ರಲ್ಲಿ ಮಸತ್ಸುಗು ಟೊಯೋಟ, ಸೈಮನ್ ಗಿಲ್‌ರಾಯ್ ಅದನ್ನು ಕಣ್ಣಿಗೇ ಕಾಣುವ ಹಾಗೆ ಮಾಡಿದರು. ಕಂಬಳಿಹುಳು ಒಂದು ಎಲೆ ಕಡಿಯುತ್ತದೆ, ಕ್ಯಾಲ್ಸಿಯಂ ಇರುವ ಕಡೆ ಬೆಳಗುವಂತೆ ಮಾಡಿದ ಗಿಡ. ಕಡಿದ ಜಾಗದಿಂದ ಹಸಿರು ಬೆಳಕು ದಂಟಿಗೆ ಹರಿದು ದೂರದ ಎಲೆಗೆ ಹೋಗಿ ಹರಡುತ್ತದೆ. ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್. ವಿಡಿಯೋ ಸಿಗುತ್ತದೆ, ಹರಿ ಸರ್ ಮಕ್ಕಳಿಗೆ ಖಂಡಿತ ತೋರಿಸಿ.

ಇನ್ನು ಭಟ್ಟರ ನಾಚಿಕೆ ಮುಳ್ಳು. 2022ರಲ್ಲಿ ಟೊಯೋಟ ಗುಂಪೇ ಅದರಲ್ಲೂ ಕ್ಯಾಲ್ಸಿಯಂ, ವಿದ್ಯುತ್ ಎರಡೂ ಒಟ್ಟಿಗೆ ಓಡುವುದನ್ನು ತೋರಿಸಿತು. ಜೀನ್ ತಿದ್ದಿ ಎಲೆ ಮಡಚದ ಗಿಡ ಮಾಡಿ ಮಿಡತೆ ಬಿಟ್ಟರು. ಮಡಚದ ಗಿಡವನ್ನು ಮಿಡತೆ ಜಾಸ್ತಿ ಮೇಯಿತು. ಬೋಸ್ ಮಸಿ ಗಾಜಿನ ಮೇಲೆ ಅಳೆದದ್ದರ ಮುಂದಿನ ಅಧ್ಯಾಯ ಇದು ಅಂತ ನಾನು ಹೇಳುತ್ತೇನೆ.

ನರಮಂಡಲ
ವಾಸ್ತವ ಒಪ್ಪುತ್ತೇನೆ, ತೀರ್ಮಾನ ಒಪ್ಪಲ್ಲ. ಸಂಕೇತ ಹಾಯುವಾಗ ನಮ್ಮ ನರದಲ್ಲಿ ಸೋಡಿಯಂ ಒಳಗೆ ನುಗ್ಗುತ್ತದೆ. ಗಿಡದ ಕೋಶದಲ್ಲಿ ಕ್ಯಾಲ್ಸಿಯಂ ಒಳಗೆ, ಕ್ಲೋರೈಡ್ ಹೊರಗೆ. ನಮ್ಮ ವೇಗದ ನರಗಳಲ್ಲಿ ಸಂಕೇತ ಸೆಕೆಂಡಿಗೆ ನೂರು ಮೀಟರ್ ಹತ್ತಿರ ಓಡುತ್ತದೆ, ನೀವು ಹೇಳಿದ್ದು ಒಂದು ಮಿಲಿಮೀಟರ್. ಗಿಡದಲ್ಲಿ ನರಕೋಶವೂ ಇಲ್ಲ, ಮೆದುಳೂ ಇಲ್ಲ. ಒಂದೇ ರಾಸಾಯನಿಕ ಎರಡು ಕಡೆ ಸಿಕ್ಕಿತು ಅಂತ ಎರಡೂ ಒಂದೇ ವ್ಯವಸ್ಥೆ ಆಗಲ್ಲ.

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. 2006ರಲ್ಲಿ ಕೆಲವರು "ಸಸ್ಯ ನರವಿಜ್ಞಾನ" ಅಂತ ಹೊಸ ಶಾಖೆ ಘೋಷಿಸಿದಾಗ ಮರುವರ್ಷ 36 ಜನ ಸಸ್ಯವಿಜ್ಞಾನಿಗಳು ಸಹಿ ಹಾಕಿ ವಿರೋಧಿಸಿದರು. ಸಸ್ಯವಿಜ್ಞಾನಿಗಳೇ, ನಾವಲ್ಲ! ಆ ಪತ್ರವೂ ಅದು ವಿರೋಧಿಸಿದ ಪೇಪರೂ ಎರಡೂ ಚೆನ್ನಾಗಿ ಸೈಟ್ ಆಗುತ್ತವೆ, ಅದು ತಮಾಷೆ. ಬೈದರೂ ಒಂದು, ಹೊಗಳಿದರೂ ಒಂದು.

ಪೈಪೆಟ್ ಪಾರ್ವತಿ
ವೇಗದ ಮಾತು ಬಿಡಿ. ನಾಚಿಕೆ ಮುಳ್ಳಿನಲ್ಲಿ ಸೆಕೆಂಡಿಗೆ ಸೆಂಟಿಮೀಟರ್‌ಗಳ ಲೆಕ್ಕದಲ್ಲಿ ಓಡುತ್ತದೆ. ನಿಮ್ಮಲ್ಲೂ ನಿಧಾನದ ನರಗಳು ಇಲ್ವಾ? ಬೋಸ್ ಗಿಡಕ್ಕೆ ಮೆದುಳಿದೆ ಅಂತ ಎಲ್ಲಿ ಹೇಳಿದ್ದಾರೆ? ಸುದ್ದಿ ಸಾಗಿಸುವ ಜೀವಂತ ದಾರಿ ಇದೆ ಅಂದರು. ಇದೆ.

ಇತಿಹಾಸದ ಹುಳ
ಇಬ್ಬರೂ ಒಂದು ವಿಷಯ ಮರೀತಿದ್ದೀರಿ. ಬೋಸ್ ತಪ್ಪಿದ ಜಾಗವೂ ಇದೆ. ನೀರು ಮರದ ತುದಿಗೆ ಏರುವುದು ಹೇಗೆ ಅನ್ನೋದಕ್ಕೆ, ಕಾಂಡದೊಳಗಿನ ಜೀವಂತ ಕೋಶಗಳು ಮಿಡಿದು ಪಂಪ್ ಮಾಡುತ್ತವೆ ಅಂತ 1923ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದು ನಿಲ್ಲಲಿಲ್ಲ. ಎಲೆಯಿಂದ ನೀರು ಆರುವಾಗ ಇಡೀ ನೀರಿನ ಎಳೆ ಮೇಲಕ್ಕೆ ಎಳೆಯಲ್ಪಡುತ್ತದೆ ಅಂತ ಡಿಕ್ಸನ್ ಮತ್ತು ಜೋಲಿ 1894ರಲ್ಲೇ ಹೇಳಿದ್ದು ಇವತ್ತಿಗೂ ಪಠ್ಯದಲ್ಲಿದೆ. ಹರಿ ಸರ್, ಇದನ್ನೂ ಹೇಳಿ. ಬರೀ ಆರತಿ ಎತ್ತಿದರೆ ನಿಮ್ಮ ಬಾಟನಿ ಸಹೋದ್ಯೋಗಿ ಸಭೆಯಲ್ಲೇ ಎದ್ದು ನಿಲ್ಲುತ್ತಾರೆ.

ಇನ್ನೊಂದು ಪೆಟ್ಟು ಬಿದ್ದದ್ದು ಅವರು ಹೋದ ಮೇಲೆ. 1966ರಲ್ಲಿ ಕ್ಲೀವ್ ಬ್ಯಾಕ್‌ಸ್ಟರ್ ಅನ್ನೋ ಅಮೆರಿಕದವನು ಗಿಡಕ್ಕೆ ಸುಳ್ಳು ಪತ್ತೆಯ ಯಂತ್ರ ಕಟ್ಟಿ, ಗಿಡ ನಮ್ಮ ಮನಸ್ಸು ಓದುತ್ತದೆ ಅಂದ. 1973ರಲ್ಲಿ ಒಂದು ಪುಸ್ತಕ ಬಂದು ಅವನನ್ನೂ ಬೋಸರನ್ನೂ ಒಂದೇ ಚೀಲಕ್ಕೆ ತುಂಬಿತು. ಗಂಭೀರವಾಗಿ ಕೆಲಸ ಮಾಡುವವರು ಬೋಸರ ಹೆಸರು ಎತ್ತೋಕೇ ಹಿಂಜರಿಯುವಂತಾಯಿತು. ಸೈಟೇಶನ್ ಕಡಿಮೆ ಆಗೋಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಕಾಡುಮಲ್ಲಿಗೆ
ಗಿಡ ಕಲಿಯುತ್ತದೆ, ನೆನಪಿಟ್ಟುಕೊಳ್ಳುತ್ತದೆ ಅಂತ ಈಚೆಗೂ ಬಂದಿತ್ತಲ್ಲ, ಅದೇನಾಯ್ತು?

ನರಮಂಡಲ
ಮೋನಿಕಾ ಗ್ಯಾಲಿಯಾನೊ. ನಾಚಿಕೆ ಮುಳ್ಳಿನ ಕುಂಡವನ್ನು ಮತ್ತೆ ಮತ್ತೆ ಬೀಳಿಸಿ, ಆಮೇಲೆ ಅದು ಎಲೆ ಮಡಚುವುದನ್ನೇ ಬಿಡುತ್ತದೆ ಅಂತ 2014ರಲ್ಲಿ ಬರೆದರು. 2016ರಲ್ಲಿ ಬಟಾಣಿ ಗಿಡ ಫ್ಯಾನ್ ಗಾಳಿಗೂ ಬೆಳಕಿಗೂ ಸಂಬಂಧ ಕಲಿಯುತ್ತದೆ ಅಂದರು, ಗಂಟೆ ಕೇಳಿ ಜೊಲ್ಲು ಸುರಿಸೋಕೆ ಕಲಿತ ಪಾವ್ಲೋವ್ ನಾಯಿಯ ಥರ. ಕೇಸಿ ಮಾರ್ಕೆಲ್ ಅನ್ನುವವರು ಬಟಾಣಿಯ ಪ್ರಯೋಗವನ್ನು ಇನ್ನೂ ಜಾಸ್ತಿ ಗಿಡ ಇಟ್ಟು ಮತ್ತೆ ಮಾಡಿ 2020ರಲ್ಲಿ ಇ-ಲೈಫ್ ಜರ್ನಲ್ಲಿನಲ್ಲಿ ಪ್ರಕಟಿಸಿದರು. ಫಲಿತಾಂಶ ಬರಲಿಲ್ಲ. ಮಾರ್ಕೆಲ್ ಸೈಟ್ ಮಾಡಿದ್ದೂ ಗ್ಯಾಲಿಯಾನೊ ಅವರ ಲೆಕ್ಕಕ್ಕೇ ಸೇರಿತು!

ತರಲೆ ತಿಮ್ಮ
ನಮ್ಮ ಮನೆ ಬೆಕ್ಕಿಗೂ ಎಚ್-ಇಂಡೆಕ್ಸ್ ಮಾಡಿಸಬಹುದಾ?

ಲೈಬ್ರರಿ ಲಕ್ಷ್ಮಣ
ತಿಮ್ಮ, ಆಗಿಹೋಗಿದೆ. 2024ರಲ್ಲಿ ಇಬ್ಬರು ಸಂಶೋಧಕರು ಲ್ಯಾರಿ ಅನ್ನೋ ಬೆಕ್ಕಿನ ಹೆಸರಿನಲ್ಲಿ ಅರ್ಥವಿಲ್ಲದ 12 ಪೇಪರ್ ಹಾಕಿ, ಅವನ್ನು ಸೈಟ್ ಮಾಡುವ ಇನ್ನೊಂದು ಕಂತೆ ಪೇಪರ್ ಏರಿಸಿದರು. ಗೂಗಲ್ ಸ್ಕಾಲರ್ ಎಣಿಸಿ ಕೊಟ್ಟದ್ದು 132 ಸೈಟೇಶನ್, ಎಚ್ 11. ಸೈಟೇಶನ್ ಮಾರುವ ಅಂಗಡಿಗಳು ಹೇಗೆ ಕೆಲಸ ಮಾಡುತ್ತವೆ ಅಂತ ತೋರಿಸೋಕೆ ಮಾಡಿದ್ದು.

ಗೈಡ್ ಸಂತ್ರಸ್ತ
ಬೆಕ್ಕು ನನಗಿಂತ ಮುಂದಿದೆ. ನಾನು ಹೊರಟೆ.

ಕಾಡುಮಲ್ಲಿಗೆ
ಇರಿ, ಅಳಬೇಡಿ. ನಿಮ್ಮ ಕಾಲಕ್ಕೆ ಸ್ವಲ್ಪ ವಾಸಿ. 2010ರಲ್ಲಿ ಯುಜಿಸಿ, ಮೇಷ್ಟ್ರುಗಳ ಬಡ್ತಿಗೆ ಪೇಪರ್ ಮುಂತಾದವನ್ನು ಎಣಿಸುವ ಎಪಿಐ ಅಂಕ ತಂದಾಗ ನಮ್ಮ ಕಡೆ ಪೇಪರ್ ಸುಗ್ಗಿ ನಡೆಯಿತು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳು ನಾಯಿಕೊಡೆ ಎದ್ದ ಹಾಗೆ ಎದ್ದವು. 2022ರ ನಿಯಮದಲ್ಲಿ ಪಿಎಚ್‌ಡಿಗೆ ಪೇಪರ್ ಕಡ್ಡಾಯ ಅನ್ನೋದನ್ನು ತೆಗೆದರು. ಆದರೂ ಗೈಡ್‌ಗಳು ಬಿಡಬೇಕಲ್ಲ.

ಲೈಬ್ರರಿ ಲಕ್ಷ್ಮಣ
ಹೊರಗೂ ಇದಕ್ಕೆ ವಿರೋಧ ಇದೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ಪ್ರಕಾಶಕರು ಒಂದು ಘೋಷಣೆ ಬರೆದರು, ಡೋರಾ ಅಂತ ಕರೀತಾರೆ. ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಒಬ್ಬ ವಿಜ್ಞಾನಿಯನ್ನು ಅಳೆಯಬೇಡಿ, ಕೆಲಸ ಓದಿ ಅಳೆಯಿರಿ ಅಂತ. ಸಹಿ ಹಾಕಿದವರು ಬಹಳ. ಓದುವವರು ಎಷ್ಟು ಅಂತ ಕೇಳಬೇಡಿ.

ಹರಿಹರದ ಹರಿ
ಎಲ್ಲ ಓದಿದೆ, ತುಂಬಾ ಧನ್ಯವಾದ. ಹಾಗಾದರೆ ನನ್ನ ಸಹೋದ್ಯೋಗಿಗೆ ಏನು ಹೇಳಲಿ? ಸೈಟ್ ಮಾಡ್ತಾರೆ ಅಂತಲೋ, ಮಾಡಲ್ಲ ಅಂತಲೋ?

ಪೈಪೆಟ್ ಪಾರ್ವತಿ
ಮಾಡ್ತಾರೆ, ಆದರೆ ಹೇಗೆ ಮಾಡ್ತಾರೆ ಅಂತ ನೋಡಿ. ಗಿಡಗಳ ವಿದ್ಯುತ್ ಸಂಕೇತದ ರಿವ್ಯೂಗಳಲ್ಲಿ ಮೊದಲ ಪ್ಯಾರಾದಲ್ಲಿ ಡಾರ್ವಿನ್, ಬರ್ಡನ್-ಸ್ಯಾಂಡರ್ಸನ್ ಜೊತೆ ಬೋಸರ ಹೆಸರು ಬಂದು ಹೋಗುತ್ತದೆ. ಬಾಗಿಲಲ್ಲಿ ನಮಸ್ಕಾರ ಹಾಕಿ ಒಳಗೆ ಹೋದ ಹಾಗೆ. ಅವರ ಪ್ರಯೋಗದ ವಿವರ ಓದಿ, ಅಂಕಿ ತೆಗೆದುಕೊಂಡು ವಾದ ಮಾಡುವವರು ಕಡಿಮೆ. ನನಗೆ ಬೇಜಾರು ಅದೇ. ಡೇಟಾಬೇಸ್‌ನಲ್ಲಿ ಎರಡೂ ಒಂದೊಂದೇ.

ನರಮಂಡಲ
ನ್ಯಾಯವಾಗಿ ಇದನ್ನೂ ಸೇರಿಸುತ್ತೇನೆ. ದೆಹಲಿಯ ಏಮ್ಸ್‌ನಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗ ಕಟ್ಟಿದ ಪಿ. ಎನ್. ಟಂಡನ್ ಅವರು 2019ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಬೋಸರ ಸಸ್ಯ ಸಂಶೋಧನೆ ಬಗ್ಗೆಯೇ ಬರೆದಿದ್ದಾರೆ. ಇಡೀ ಜೀವಮಾನ ಮೆದುಳಿನ ಜೊತೆ ಕಳೆದವರು. ನಾನು ಅವರ ಉತ್ಸಾಹವನ್ನು ಪೂರ್ತಿ ಹಂಚಿಕೊಳ್ಳುವುದಿಲ್ಲ, ಆದರೆ ನಿಮ್ಮ ಸಹೋದ್ಯೋಗಿ "ಯಾರೂ" ಅಂದರಲ್ಲ, ಅದಕ್ಕೆ ಇಷ್ಟು ಸಾಕು.

ಹರಿಹರದ ಹರಿ
ಸೂಪರ್. ಕೊನೆಯದೊಂದು. ಮಕ್ಕಳಿಗೆ ನಾಚಿಕೆ ಮುಳ್ಳಿನ ಪ್ರಯೋಗ ತೋರಿಸಬೇಕು. ಈಥರ್ ಹಾಕಿ ಮರಗಟ್ಟಿಸೋದು ಆಗುತ್ತಾ? 1878ರಲ್ಲೇ ಕ್ಲಾಡ್ ಬರ್ನಾರ್ಡ್ ಮಾಡಿದ್ದು ಅಂತ ಓದಿದೆ.

ಪೈಪೆಟ್ ಪಾರ್ವತಿ
ಬೇಡ ಸರ್! ಈಥರ್ ಭಗ್ ಅಂತ ಹತ್ತಿಕೊಳ್ಳುತ್ತದೆ, ಮಕ್ಕಳಿರುವ ಕಡೆ ಬೇಡವೇ ಬೇಡ. ಬೋಸರ ತಣ್ಣನೆಯ ಪ್ರಯೋಗ ಮಾಡಿ. ತೊಟ್ಟಿನ ಒಂದು ಕಡೆ ಐಸ್ ತುಂಡು ತಾಗಿಸಿಡಿ, ಐಸ್ ದಾಟಿ ಸುದ್ದಿ ಹೋಗುತ್ತದಾ ನೋಡಿ. ಐಸ್ ಇಡುವಾಗಲೇ ಎಲೆ ಅಲ್ಲಾಡಿ ಮಡಚಿದರೆ ಬಿಚ್ಚುವವರೆಗೆ ಕಾಯಬೇಕು. ಎರಡು ಮೂರು ಕುಂಡ ಇಟ್ಟುಕೊಳ್ಳಿ.

ಶಿರಸಿ ಭಟ್ಟ
ಕುಂಡ ಎಲ್ಲಿಂದ ತರ್ತೀರಿ, ನಮ್ಮ ತೋಟಕ್ಕೆ ಬನ್ನಿ, ಲೋಡುಗಟ್ಟಲೆ ಕೊಡುತ್ತೇನೆ. ಹೊತ್ತು ಮುಳುಗಿದ ಮೇಲೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ, ಅದು ಮುಟ್ಟದೇನೇ ಮಡಚಿಕೊಂಡು ಮಲಗಿರುತ್ತದೆ.

ತರಲೆ ತಿಮ್ಮ
ಮಧ್ಯಾಹ್ನದ ಊಟ ಆದ ಮೇಲೂ ಇಡಬೇಡಿ ಸರ್, ಆಗ ಮಕ್ಕಳು ಮಲಗಿರುತ್ತಾರೆ.